ಎಲೆಯಲ್ಲಿ ಉಳಿದ ಒಬ್ಬಟ್ಟು

"ಇದನ್ನ ಬೀಸ್ಕೊಡಕ್ಕಾಗಲ್ಲ ಮೇಡಂ. ವಾಪಸ್ ತಗೊಂಡೋಗಿ."

ಕಂಪಲಾಪುರದ ಹಿಟ್ಟಿನ ಮಿಲ್ಲಿನ ಮುಂದೆ ಆ ಸೋಮವಾರ ಬೆಳಿಗ್ಗೆ ಆರು ಜನ ಹೆಂಗಸರು ಸಾಲಾಗಿ ನಿಂತಿದ್ದರು. ಆರೂ ಜನ ಒಟ್ಟಿಗೆ ತಿರುಗಿ ಉಷಾರಾಣಿಯ ಮುಖ ನೋಡಿದರು.

ಉಷಾರಾಣಿ ತನ್ನ ಚೀಲದೊಳಗೆ ನೋಡಿದಳು. ರಾಗಿ, ನವಣೆ, ಹೆಸರುಕಾಳು, ಸೋಯಾ, ಒಂದು ಹಿಡಿ ಮೆಂತ್ಯ. ಮೊಬೈಲಿನಲ್ಲಿ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ, ಹೇಳಿದ ಅಳತೆಯಲ್ಲೇ ಹದವಾಗಿ ಹುರಿದು ತಂದಿದ್ದಳು. ಬೀಸಬಾರದಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಯಾಕ್ರೀ? ಕಲ್ಲಿದ್ಯಾ?"

"ಕಲ್ಲಿಲ್ಲ. ಕಾಳು ಚೆನ್ನಾಗೇ ಅವೆ, ಅದಕ್ಕೇ ಹೊಟ್ಟೆ ಉರಿಯೋದು." ಮಿಲ್ಲಿನ ಕಾಂತರಾಜು ಮೆಷಿನ್ನಿನ ಸದ್ದನ್ನು ಮೀರಿ ಕೇಳಲಿ ಎಂದು ಜೋರಾಗಿಯೇ ಹೇಳಿದ. "ಸಂಕ್ರಾಂತಿಗೊಂದ್ಸಲ ತಂದ್ರಿ. ಶಿವರಾತ್ರಿ ಆದ್ಮೇಲೊಂದ್ಸಲ. ಯುಗಾದಿಗೊಂದ್ಸಲ. ಆ ಮೂರು ಹಿಟ್ಟೂ ಏನಾದ್ವು?"

ಏನಾದವು ಎಂದು ಅವಳಿಗೆ ಗೊತ್ತಿತ್ತು. ಪ್ರತಿ ಸಲವೂ ನಾಲ್ಕು ದಿನ ಗಂಜಿ ಕಾಯಿಸಿ ಕುಡಿದು, ಐದನೇ ದಿನ ಡಬ್ಬಿಯ ಮುಚ್ಚಳ ಹಾಕಿಟ್ಟಿದ್ದಳು.

"ಹೋದ ವಾರ ನಿಮ್ಮವ್ವ ಬಂದಿದ್ರು. ಹುಳ ಬಿದ್ದಿರೋ ಹಿಟ್ಟ ಹಸೀಗೆ ಹಾಕ್ಬೌದಾ ಅಂತ ಕೇಳ್ಕೊಂಡು."

ಸಾಲಿನಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಉಷಾರಾಣಿಯ ಕಿವಿ ಬಿಸಿಯಾಯಿತು.

"ಬೀಸೋದು ನಿಮ್ ಕೆಲ್ಸ. ನಾನ್ ಕುಡಿತೀನೋ ಬಿಡ್ತೀನೋ ನಿಮಗ್ಯಾಕೆ?"

"ನಿಜ. ಆದ್ರೂ ಬೀಸಲ್ಲ." ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಇವತ್ತು ಶುರು ಮಾಡ್ಬೇಡಿ. ಮೂರು ವಾರ ಏನೂ ಶುರು ಮಾಡ್ಬೇಡಿ. ಆಮೇಲೆ ತನ್ನಿ."

ನಿನ್ನ ಕೈಲಾಗಲ್ಲ ಅಂತ ಹೇಳೋದಕ್ಕೆ ಇಷ್ಟು ಸುತ್ತು ಬಳಸ್ಬೇಕಾ... ಎಂದುಕೊಂಡು ಅವಳು ಚೀಲ ಎತ್ತಿಕೊಂಡು ಹೊರಟಳು. ಹಿಂದಿನಿಂದ ಮಿಲ್ಲಿನ ಬೆಲ್ಟು ಮತ್ತೆ ಬೇರೆ ಯಾರದೋ ರಾಗಿಗೆ ತಿರುಗತೊಡಗಿತು.

ಉಷಾರಾಣಿಗೆ ಇಪ್ಪತ್ತೊಂಬತ್ತು ವರ್ಷ. ಬಸ್ ಸ್ಟಾಪಿನ ಪಕ್ಕ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ. ದಿನಕ್ಕೆ ಹತ್ತು ಹೆಂಗಸರ ಅಳತೆ ತೆಗೆಯುತ್ತಾಳೆ. "ಒಳಗೆ ಎರಡಿಂಚು ಬಟ್ಟೆ ಬುಡವ್ವ, ಮುಂದಕ್ಕೆ ಬೇಕಾಯ್ತದೆ" ಎಂದು ಎಲ್ಲರೂ ಹೇಳುತ್ತಾರೆ, ಅವಳು ಬಿಡುತ್ತಾಳೆ. ತನ್ನ ಬ್ಲೌಸಿನ ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಮೂರು ವರ್ಷದಲ್ಲಿ ಮೂರು ಸಲ ಬಿಚ್ಚಿ, ಈಗ ಬಿಚ್ಚಲು ಏನೂ ಉಳಿದಿರಲಿಲ್ಲ.

ಅದು ಬಟ್ಟೆಯ ಮಾತಷ್ಟೇ ಆಗಿದ್ದರೆ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸಂಕ್ರಾಂತಿಗೆ ಮುಂಚೆ ಪಿರಿಯಾಪಟ್ಟಣದ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ಸಕ್ಕರೆ ಗಡಿಯಲ್ಲಿದೆಯಮ್ಮ. ಆರು ತಿಂಗಳು ನೋಡೋಣ. ಊಟ, ಓಡಾಟ ಬದಲಾಯಿಸಿಕೊಂಡರೆ ಹಿಂದಕ್ಕೆ ಹೋಗಬಹುದು. ಇಲ್ಲವಾದರೆ ಮಾತ್ರೆ ಶುರು ಮಾಡಬೇಕಾಗುತ್ತೆ" ಎಂದಿದ್ದರು. ಆರರಲ್ಲಿ ಮೂರು ತಿಂಗಳು ಆಗಲೇ ಮುಗಿದಿತ್ತು.

ಮನೆಯಲ್ಲಿ ಅವ್ವ ಲಕ್ಷ್ಮಿದೇವಿ. ಅವ್ವನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ಬಲಗಾಲಿನ ಎರಡು ಬೆರಳು ಹೋದವು. ಅಪ್ಪ ತೀರಿಕೊಂಡ ಮೇಲೆ ಇಬ್ಬರೇ ಇರುವ ಆ ಮನೆಯಲ್ಲಿ ಉಷಾರಾಣಿ ದಿನಾ ಬೆಳಿಗ್ಗೆ ಆ ಕಾಲಿಗೆ ಎಣ್ಣೆ ಹಚ್ಚುತ್ತಾಳೆ, ಗಾಯವೇನಾದರೂ ಆಗಿದೆಯಾ ಎಂದು ನೋಡುತ್ತಾಳೆ. ನೋಡುವಾಗೆಲ್ಲ ತನ್ನ ಕಾಲಿನ ಬೆರಳುಗಳನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಾಳೆ.

ಬುಧವಾರ ಮಧ್ಯಾಹ್ನ ಕರೆಂಟ್ ಹೋಯಿತು. ಅವಳ ಮೋಟರ್ ಮೆಷಿನ್ ನಿಂತಿತು, ಆಚೆ ಬೀದಿಯ ಮಿಲ್ಲೂ ನಿಂತಿತು. ಸ್ವಲ್ಪ ಹೊತ್ತಿಗೆ ಕಾಂತರಾಜು ಮೈಮೇಲಿನ ಹಿಟ್ಟು ಕೊಡವಿಕೊಂಡು ಅವಳ ಅಂಗಡಿಯ ಮುಂದೆ ಹಾದು ಕೆರೆ ಏರಿಯ ಕಡೆ ಹೊರಟ.

"ಸ್ವಲ್ಪ ನಿಂತ್ಕೊಳ್ರೀ," ಎಂದಳು. ಎರಡು ದಿನದಿಂದ ಮನಸ್ಸಿನಲ್ಲೇ ಹೊಲಿದಿಟ್ಟುಕೊಂಡಿದ್ದ ಮಾತು. "ಅಷ್ಟು ಜನದ ಮುಂದೆ ನನ್ನ ಮರ್ಯಾದೆ ತೆಗೆದ್ರಲ್ಲ, ನಿಮಗೇನ್ ಸಿಕ್ತು?"

ಅವನು ಯೋಚಿಸಿದ. "ಏನೂ ಸಿಗ್ಲಿಲ್ಲ. ಅಷ್ಟು ಜನದ ಮುಂದೆ ಹೇಳ್ಬಾರ್ದಾಗಿತ್ತು. ತಪ್ಪಾಯ್ತು."

ಇದಕ್ಕೆ ಅವಳು ತಯಾರಾಗಿರಲಿಲ್ಲ. ಉಳಿದ ಬೈಗುಳವೆಲ್ಲ ಹಾಗೇ ಉಳಿಯಿತು.

"ಹಂಗಾದ್ರೆ ಬೀಸ್ಕೊಡ್ತೀರಾ?"

"ಇಲ್ಲ."

ಅವಳಿಗೆ ನಗು ಬಂತು. ತಡೆದುಕೊಂಡರೂ ಸ್ವಲ್ಪ ಹೊರಗೆ ಬಂದೇ ಬಿಟ್ಟಿತು. ಅವನು ಅಂಗಡಿಯ ಮೆಟ್ಟಿಲ ಮೇಲೆ ಕೂತ.

"ನಾನು ಒಂದು ಕಾಲಕ್ಕೆ ನೂರ ನಾಲ್ಕು ಕೆಜಿ ಇದ್ದೆ ಮೇಡಂ. ಮೂವತ್ತೊಂದು ವರ್ಷಕ್ಕೇ ಸಕ್ಕರೆ ಮಾತ್ರೆ. ಬೆಳಿಗ್ಗೆ ಐದಕ್ಕೆದ್ದು ಓಡ್ತೀನಿ ಅಂತ ಎಂಟು ಸಲ ಶುರು ಮಾಡಿದ್ದೀನಿ. ಒಂದ್ಸಲ ಬೂಟೂ ತಗೊಂಡೆ. ಅದನ್ನೀಗ ನಮ್ಮ ಭಾವ ಹಾಕೋತಾನೆ."

"ಆಮೇಲೆ?"

"ಆಮೇಲೆ ಒಂದು ತಿಂಗಳು ಏನೂ ಮಾಡ್ಲಿಲ್ಲ. ಸುಮ್ನೆ ನನ್ನನ್ನ ನಾನೇ ನೋಡ್ಕೊಂಡೆ. ಹಸಿವಾಗಿ ತಿನ್ನೋದೆಷ್ಟು, ಬೇಜಾರಾಗಿ ತಿನ್ನೋದೆಷ್ಟು. ಯಾವೊತ್ತಲ್ಲಿ ಕೈ ತಡೆಯಲ್ಲ. ಹೊಗೆಸೊಪ್ಪಿನ ಸಸಿ ನೆಡಕ್ಕೆ ಮುಂಚೆ ನೆಲ ಎಷ್ಟು ಸಲ ಉಳ್ತಾರೆ? ಸೋಮ್ವಾರ ಬೆಳಿಗ್ಗೆ ಹೋಗಿ ಗಟ್ಟಿ ನೆಲದಲ್ಲಿ ನೆಟ್ರೆ ನಿಲ್ತದಾ?"

"ಡಾಕ್ಟ್ರು ಬೇರೆ ಹೇಳಿದ್ದಾರಲ್ಲ..."

"ಅವ್ರು ಹೇಳಿದ್ದನ್ನ ಬಿಡ್ಬೇಡಿ. ಏನ್ ಮಾಡ್ಬೇಕು ಅಂತ ಅವ್ರು ಹೇಳ್ತಾರೆ. ಮಾಡೋರನ್ನ ತಯಾರು ಮಾಡ್ಕೊಳ್ಳೋದು ನಾವು. ನಾನು ಹಿಟ್ಟಿನೋನು, ಇಷ್ಟೇ ಗೊತ್ತು." ಅವನು ಎದ್ದ. "ಇನ್ನೊಂದು. ತೀರಾ ಕೆಟ್ಟ ದಿನದಲ್ಲೂ ಮಾಡಕ್ಕಾಗೋ ಅಂಥ ಒಂದು ಸಣ್ಣ ಕೆಲ್ಸ ಹುಡುಕ್ಕೊಳ್ಳಿ. ನನ್ದು ಇದೇ. ಕರೆಂಟ್ ಹೋದ್ರೆ ಏರಿ ಮೇಲೆ ಆ ತುದಿವರ್ಗೂ ಹೋಗಿ ಬರೋದು. ಕರೆಂಟ್ ಅಂತೂ ದಿನಾ ಹೋಯ್ತದೆ."

ಅವನು ಹೋದ ಮೇಲೆ ಉಷಾರಾಣಿ ಅಳತೆ ಪುಸ್ತಕದ ಕೊನೆಯ ಹಾಳೆ ತೆಗೆದಳು. ಊರಿನವರ ಎದೆ, ಸೊಂಟ, ತೋಳುಗಳ ಅಳತೆಯೆಲ್ಲ ಇದ್ದ ಪುಸ್ತಕದಲ್ಲಿ ಮೊದಲ ಸಲ ತನ್ನ ಹೆಸರು ಬರೆದಳು.

ಹಾಳೆ ತುಂಬತೊಡಗಿತು. ಅದು ಮದುವೆ ಕಾಲ. ಬ್ಲೌಸ್ ತಗೊಂಡು ಹೋಗಲು ಬರುವವರೆಲ್ಲ ಲಾಡು, ಚಿರೋಟಿ ತಂದು ಕೊಡುತ್ತಿದ್ದರು. ಅವನ್ನು ಅವಳು ನಿಂತುಕೊಂಡೇ ತಿನ್ನುತ್ತಿದ್ದಳು, ಹಾಗಾಗಿ ತಿಂದದ್ದು ಅವಳಿಗೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಟೀ ದಿನಕ್ಕೆ ಎರಡು ಎಂದುಕೊಂಡಿದ್ದಳು, ಬರೆದು ನೋಡಿದರೆ ಐದು.

ಒಂದು ವಾರವಾದ ಮೇಲೆ ಇನ್ನೊಂದು ಸಂಗತಿ ಕಾಣಿಸಿತು. ಅದನ್ನು ಬರೆಯುವ ಮುಂಚೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಳು. "ಇನ್ನೂ ಗಂಡು ಗೊತ್ತಾಗಿಲ್ವೇನವ್ವ?" ಎಂದು ಯಾರಾದರೂ ಕೇಳಿ ಹೋದ ದಿನವೆಲ್ಲ ಅವಳ ಕೈ ಡಬ್ಬಿಗೆ ಹೋಗುತ್ತಿತ್ತು. ಹಸಿವು ಇರಲಿಲ್ಲ. ಬಾಯಿಗೆ ಏನಾದರೂ ಹಾಕಿಕೊಂಡರೆ ಉತ್ತರ ಕೊಡುವುದು ತಪ್ಪುತ್ತಿತ್ತು ಅಷ್ಟೆ.

ಇದನ್ನು ಅವಳು ಯಾರಿಗೂ ಹೇಳುವವಳಲ್ಲ. ಆದರೆ ಏರಿಯ ಮೇಲೆ ಕಾಂತರಾಜುವಿಗೆ ಹೇಳಿದಳು.

ಅಷ್ಟು ಹೊತ್ತಿಗೆ ಅವಳೂ ಏರಿಗೆ ಹೋಗಲು ಶುರು ಮಾಡಿದ್ದಳು. ಮೊದಲ ದಿನ ಅರ್ಧದವರೆಗೆ, ಆಮೇಲೆ ತುದಿಯವರೆಗೆ. ಕರೆಂಟ್ ಹೋದರೆ ಬೇರೆಯವರು ಬೈಯುತ್ತಿದ್ದರು, ಇವರಿಬ್ಬರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಊರು ನೋಡಿತು. ಊರಿಗೂ ಕರೆಂಟ್ ಇರಲಿಲ್ಲ, ಬೇರೆ ಕೆಲಸವೂ ಇರಲಿಲ್ಲ.

"ನಗ್ಬೇಡಿ," ಎಂದಳು, ಹೇಳಿ ಮುಗಿಸಿದ ಮೇಲೆ.

"ನಗ್ತಿಲ್ಲ. ನನ್ದೂ ಹಂಗೇ. ನಮ್ಮಪ್ಪ ಬೈದ ದಿನವೆಲ್ಲ ನಾನು ಹುಣಸೂರು ಬಸ್ ಸ್ಟ್ಯಾಂಡಲ್ಲಿ ಬೋಂಡ ತಿಂತಿದ್ದೆ. ಅಪ್ಪ ಹೋಗಿ ಆರು ವರ್ಷ ಆಯ್ತು. ಬೋಂಡ ಹೋಗಕ್ಕೆ ಇನ್ನೂ ಎರಡು ವರ್ಷ ಬೇಕಾಯ್ತು."

ಅವಳು ಅವನ ಮುಖ ನೋಡಿದಳು. ಹುಬ್ಬಿನ ಕೂದಲಲ್ಲಿ ರಾಗಿ ಹಿಟ್ಟು ಇತ್ತು. ಅದನ್ನು ಒರೆಸಬೇಕೆನಿಸಿತು... ಯಾಕೆ ಹೀಗನ್ನಿಸ್ತಿದೆ ಎಂದು ಬೆಚ್ಚಿ, ಕೆರೆಯ ಕಡೆ ತಿರುಗಿದಳು.

"ಒಂದು ಮಾತ್ರ ನನ್ನ ಕೈಲಾಗಲ್ಲ," ಎಂದಳು ಸ್ವಲ್ಪ ದೂರ ನಡೆದು. "ಅವ್ವ ಎರಡನೇ ಮುದ್ದೆ ತಂದು ತಟ್ಟೆಗೆ ಹಾಕ್ತಾಳೆ. ಬೇಡ ಅನ್ನೋಕೆ ಬಾಯೇ ಬರಲ್ಲ. ಯಾರಿಗೂ ಬೇಡ ಅನ್ನೋಕೆ ಬರಲ್ಲ ನನಗೆ. ಚಿಕ್ಕೋಳಿಂದ್ಲೂ ಅಷ್ಟೆ."

"ಬಾಯಿ ಬರ್ದಿದ್ರೆ ಕೈ ಅಡ್ಡ ಹಿಡೀರಿ. ಕೈ ಕಲ್ತ ಮೇಲೆ ಬಾಯೂ ಕಲೀತದೆ."

"ಊಟಕ್ಕೆ ಮಾತ್ರಾನಾ?"

"ಎಲ್ಲಾದಕ್ಕೂ."

ಆವತ್ತು ಸಂಜೆಯ ಊಟಕ್ಕೆ ಲಕ್ಷ್ಮಿದೇವಿ ಎರಡನೇ ಮುದ್ದೆ ತಂದಾಗ ಉಷಾರಾಣಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಲಕ್ಷ್ಮಿದೇವಿಯ ಕೈ ಗಾಳಿಯಲ್ಲೇ ನಿಂತಿತು.

"ಯಾಕ್ ಮಗ, ಸಾರು ಕೆಟ್ಟೋಗದಾ?"

"ಸಾರು ಚೆನ್ನಾಗದೆ ಅವ್ವ." ಅವಳು ತಟ್ಟೆಯಿಂದ ಕೈ ತೆಗೆಯಲಿಲ್ಲ. "ನಿನ್ ಕಾಲ್ ನೋಡಿದ್ರೆ ನನಗೆ ಭಯ ಆಯ್ತದೆ. ದಿನಾ ಭಯ ಆಯ್ತದೆ. ನಾಳೆ ನನ್ ಕಾಲಿಗೆ ಎಣ್ಣೆ ಹಚ್ಚೋರು ಯಾರು?"

ಲಕ್ಷ್ಮಿದೇವಿ ಮುದ್ದೆಯನ್ನು ವಾಪಸ್ ಒಯ್ದರು. ಒಳಗೆ ತುಂಬಾ ಹೊತ್ತು ಪಾತ್ರೆ ಸದ್ದು ಮಾಡಿಕೊಂಡು ಇದ್ದರು. ಮಾರನೇ ದಿನದಿಂದ ಎರಡು ದೊಡ್ಡ ಮುದ್ದೆಯ ಬದಲು ಒಂದೇ ಒಂದು, ಜೊತೆಗೆ ಒಂದು ಬಟ್ಟಲು ಸೊಪ್ಪಿನ ಪಲ್ಯ ಬಂತು. ಅದರ ಬಗ್ಗೆ ತಾಯಿ ಮಗಳು ಒಂದು ಮಾತೂ ಆಡಲಿಲ್ಲ.

ಮೂರನೇ ವಾರದ ಕೊನೆಗೆ, ಏರಿಯ ತುದಿಯಲ್ಲಿ ಕಾಂತರಾಜು ನಿಂತ.

"ನಮ್ಮವ್ವ ಹನಗೋಡಲ್ಲಿ ಅವ್ರಲ್ಲ... ನಿಮ್ ವಿಷ್ಯ ಹೇಳ್ದೆ."

"ನನ್ ವಿಷ್ಯ ಏನು?"

"ಏನು ಅಂದ್ರೆ..." ಸಾಲು ನಿಂತ ಹೆಂಗಸರ ಮುಂದೆ ಗಂಟಲೆತ್ತಿ ಮಾತಾಡುವ ಮನುಷ್ಯ ಇಲ್ಲಿ ಚಪ್ಪಲಿಯ ಉಂಗುಟ ನೋಡುತ್ತಿದ್ದ. "ಭಾನುವಾರ ಮನೆ ನೋಡಕ್ಕೆ ಬನ್ನಿ ಅಂದ್ರು. ನಿಮ್ಮವ್ವ, ನಿಮ್ ಮಾವ. ನೀವೂ ಬನ್ನಿ. ಬಾಳೋರು ನೋಡ್ಬೇಕು, ಬರೀ ದೊಡ್ಡೋರು ನೋಡಿದ್ರೆ ಏನ್ ಬಂತು?"

ಉಷಾರಾಣಿ ತಲೆಯಾಡಿಸಿ ಬೇಗ ಬೇಗ ವಾಪಸ್ ನಡೆದಳು. ಬಾಯಿಬಿಟ್ಟು ಒಂದು 'ಹೂಂ' ಅಂದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಭಾನುವಾರ ಲಕ್ಷ್ಮಿದೇವಿ, ಅವರ ಅಣ್ಣ ದೊಡ್ಡಬೀರಯ್ಯ, ಉಷಾರಾಣಿ ಮೂವರೂ ಹನಗೋಡಿಗೆ ಹೋದರು. ಬಸ್ಸಿನಲ್ಲಿ ಲಕ್ಷ್ಮಿದೇವಿ ಮಗಳ ಕಿವಿಯಲ್ಲಿ, "ನನ್ ಸಕ್ರೆ ಕಾಯ್ಲೆ ವಿಷ್ಯ ಎತ್ಬೇಡ. ನಿನ್ ರಿಪೋರ್ಟೂ ಎತ್ಬೇಡ. ಸಂಬಂಧ ಗಟ್ಟಿಯಾಗ್ಲಿ," ಎಂದರು. ಕಾಲಿಗೆ ಮುಂಭಾಗ ಮುಚ್ಚುವ ಚಪ್ಪಲಿ ಹಾಕಿಕೊಂಡಿದ್ದರು. ಒಳಗೆ ಹೋದ ಮೇಲೆ ಬೆರಳು ಕಾಣದ ಹಾಗೆ ಸೀರೆ ಇಳಿಬಿಟ್ಟುಕೊಂಡು ಕೂತರು.

ಕಾಂತರಾಜುವಿನ ತಾಯಿ ಸರ್ವಮಂಗಳ ಗಟ್ಟಿ ಹೆಂಗಸು. ಎಲ್ಲವನ್ನೂ ತಾವೇ ಬೇಯಿಸಿ, ತಾವೇ ಬಡಿಸಿದರು. ಬಾಳೆ ಎಲೆಯ ಮೇಲೆ ಕೋಸಂಬರಿ, ಪಲ್ಯ, ಅನ್ನ, ಒಬ್ಬಟ್ಟಿನ ಸಾರು. ಕೊನೆಗೆ ತುಪ್ಪ ಹಾಕಿದ ಬಿಸಿ ಒಬ್ಬಟ್ಟು.

ಮನೆ ನೋಡಲು ಬಂದವರ ಎಲೆಯನ್ನು ಆ ಕಡೆಯ ಹಿರಿಯರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಸಿಹಿ ತಿಂದರೆ ಸಂಬಂಧ ಒಪ್ಪಿದ ಹಾಗೆ. ಮನಸ್ಸಿಗೆ ಬಾರದಿದ್ದರೆ ಅದನ್ನು ಬಾಯಲ್ಲಿ ಹೇಳಿ ಮನೆಯವರನ್ನು ನೋಯಿಸುವುದಿಲ್ಲ. ಸಿಹಿಯನ್ನು ಎಲೆಯಲ್ಲೇ ಬಿಟ್ಟು ಕೈ ತೊಳೆಯುತ್ತಾರೆ, ಅಲ್ಲಿಗೆ ಮುಗಿಯಿತು. ಹುಡುಗಿಯರನ್ನು ಮನೆ ನೋಡಲು ಕರೆದೊಯ್ಯುವ ರೂಢಿಯೇ ಇಲ್ಲದ್ದರಿಂದ ಇದನ್ನು ಉಷಾರಾಣಿಗೆ ಯಾರೂ ಹೇಳಿರಲಿಲ್ಲ.

ಅವಳು ಎದುರಿಗೆ ನೀರಿನ ಚೊಂಬು ಹಿಡಿದು ನಿಂತಿದ್ದ ಕಾಂತರಾಜುವನ್ನು ನೋಡಿದಳು. ಮೂರು ವಾರ ಕಲಿತದ್ದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ... ಎಲೆಗೆ ಬಿದ್ದ ಮೊದಲ ಒಬ್ಬಟ್ಟನ್ನು ಮುಟ್ಟಲಿಲ್ಲ. ಎರಡನೆಯದು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು ಮುಗುಳ್ನಕ್ಕಳು.

ಪಕ್ಕದಲ್ಲಿ ಲಕ್ಷ್ಮಿದೇವಿಯೂ, "ನನಗೆ ಸೀ ಸೇರಾಕಿಲ್ಲ ಕಣವ್ವ," ಎಂದು ಒಬ್ಬಟ್ಟನ್ನು ಎಲೆಯ ಅಂಚಿಗೆ ಸರಿಸಿದರು. ಅಣ್ಣ ತಿಂದರೆ ಎಲ್ಲರೂ ತಿಂದ ಹಾಗೇ ಎಂಬುದು ಅವರ ಲೆಕ್ಕ. ಆಚೆ ಪಂಕ್ತಿಯಲ್ಲಿದ್ದ ದೊಡ್ಡಬೀರಯ್ಯ ನಾಲ್ಕು ತಿಂದರು. ಹೆಂಗಸರ ಎಲೆಯ ಕಡೆ ಅವರು ನೋಡಲೇ ಇಲ್ಲ.

ಕಾಂತರಾಜುವಿನ ಮುಖದಲ್ಲಿ ನಗು ಬರಲಿಲ್ಲ. ಅವನು ಚೊಂಬು ಕೆಳಗಿಟ್ಟು ಹಿತ್ತಲಿಗೆ ಹೋದ. ಬಾಯಿ ಬರದವರು ಕೈ ಅಡ್ಡ ಹಿಡಿಯಲಿ ಎಂದು ಹೇಳಿಕೊಟ್ಟವನು ತಾನೇ. ಆ ಕೈ ಈಗ ಏನು ಹೇಳುತ್ತಿದೆ ಎಂಬುದರಲ್ಲಿ ಅವನಿಗೆ ಅನುಮಾನವೇ ಉಳಿಯಲಿಲ್ಲ.

"ಫೋನ್ ಮಾಡ್ತೀವಿ," ಎಂದು ಸರ್ವಮಂಗಳ ಕುಂಕುಮ ಕೊಟ್ಟು ಕಳಿಸಿದರು.

ಫೋನ್ ಬರಲಿಲ್ಲ.

ಸೋಮವಾರ, ಮಂಗಳವಾರ, ಬುಧವಾರ ಕರೆಂಟ್ ಹೋದಾಗ ಉಷಾರಾಣಿ ಅಂಗಡಿಯ ಬಾಗಿಲಲ್ಲಿ ಕಾದಳು. ಕಾಂತರಾಜು ಮಿಲ್ಲಿನಿಂದ ಹೊರಗೇ ಬರಲಿಲ್ಲ. ಗುರುವಾರ ಊರಿನ ಕೆಂಪಾಜಮ್ಮ ಮೊಮ್ಮಗಳ ಬ್ಲೌಸ್ ತಗೊಂಡು ಹೋಗಲು ಬಂದು, ಲಾಡಿನ ಡಬ್ಬಿ ಕೈಗಿಟ್ಟು, ಯಾರೂ ಕೇಳದೇ ಇದ್ದ ಸುದ್ದಿಯನ್ನೂ ಕೊಟ್ಟಳು.

"ಹುಡ್ಗಿ ವಸಿ ದಪ್ಪ ಅಂತ ಬುಟ್ರಂತೆ? ಬುಡವ್ವ, ಅವ್ರಿಗೇ ಲುಕ್ಸಾನು."

ಕೆಂಪಾಜಮ್ಮನಿಗೆ ಹಾಗೆಂದು ಯಾರೂ ಹೇಳಿರಲಿಲ್ಲ. ಸಂಬಂಧ ಮುರಿದರೆ ಕಾರಣ ಅದೇ ಇರಬೇಕು ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು. ಉಷಾರಾಣಿಯೂ ನಂಬಿದಳು. ಅಷ್ಟು ಸುಲಭವಾಗಿ ನಂಬಿದ್ದಕ್ಕೆ ಅವಳಿಗೇ ನೋವಾಯಿತು.

ನನ್ನ ಸಂಕಟ ಎಲ್ಲಾ ಹೇಳ್ಕೊಂಡೆ ಅವನ ಹತ್ರ... ಎಲ್ಲಾ ಕೇಳಿಸ್ಕೊಂಡು, ಕೊನೆಗೆ ಇದೇನಾ?

ಒಂದು ಲಾಡು ತಿಂದಳು. ಇನ್ನೊಂದು. ನಾಲ್ಕು ತಿಂದಳು. ಆಮೇಲೆ ಅಭ್ಯಾಸಬಲದಿಂದ ಪುಸ್ತಕ ತೆಗೆದು ಬರೆದಳು: ಗುರುವಾರ, ಮೂರೂವರೆ, ನಾಲ್ಕು ಲಾಡು, ಹಸಿವಿರಲಿಲ್ಲ.

ಬರೆದದ್ದನ್ನು ನೋಡುತ್ತಾ ಕೂತಳು. ಸಂಕ್ರಾಂತಿಯಲ್ಲೂ ಶಿವರಾತ್ರಿಯಲ್ಲೂ ಯುಗಾದಿಯಲ್ಲೂ ಇದೇ ಜಾಗಕ್ಕೆ ಬಂದು ಅವಳು ಬಿಟ್ಟಿದ್ದಳು. ಒಂದು ದಿನ ಕೆಟ್ಟರೆ ಎಲ್ಲವೂ ಕೆಟ್ಟಿತು ಎಂದುಕೊಂಡಿದ್ದಳು. ಈಗ ಅದು ಹಾಳೆಯಲ್ಲಿ ಒಂದು ಸಾಲು ಮಾತ್ರವಾಗಿತ್ತು. ಅದರ ಕೆಳಗೆ ಜಾಗ ಖಾಲಿ ಇತ್ತು.

ನಾಲ್ಕೂವರೆಗೆ ಕರೆಂಟ್ ಹೋಯಿತು. ಉಷಾರಾಣಿ ಬಾಗಿಲು ಎಳೆದುಕೊಂಡು ಏರಿಗೆ ಹೋದಳು. ತುದಿಯವರೆಗೂ ಅಳುತ್ತಲೇ ನಡೆದಳು, ಅಳುತ್ತಲೇ ವಾಪಸ್ ಬಂದಳು. ಅವ್ವನ ಕಾಲಿನ ಬೆರಳು ಕಾಂತರಾಜು ಬರುವ ಮುಂಚೆಯೇ ಹೋಗಿದ್ದವು. ಅವಳ ಭಯವೂ ಅವನಿಗಿಂತ ಹಳೆಯದು. ಅವನು ಇಲ್ಲವೆಂದು ಇದನ್ನು ಬಿಡಬೇಕಾಗಿರಲಿಲ್ಲ, ಅವಳು ಶುರು ಮಾಡಿದ್ದು ಅವನಿಗೋಸ್ಕರ ಅಲ್ಲ.

ಒಂದು ವಾರ ಹಾಗೇ ನಡೆದಳು. ನಡೆಯುವುದು ನಿಲ್ಲಲಿಲ್ಲ, ಅವನ ನೆನಪೂ ನಿಲ್ಲಲಿಲ್ಲ. ಕೊನೆಗೆ ಕೇಳಿಯೇ ಬಿಡುವುದು ಎಂದು ತೀರ್ಮಾನಿಸಿದಳು. ಮಿಲ್ಲಿನ ಮುಂದೆ ಯಾವಾಗಲೂ ಸಾಲು ಇರುತ್ತದೆ. ಅಲ್ಲದೆ ಫೋನ್ ಮಾಡುತ್ತೇವೆ ಎಂದವರು ಸರ್ವಮಂಗಳ. ಮುಂದಿನ ಗುರುವಾರ ಅಂಗಡಿ ಮುಚ್ಚಿ, ಹುಣಸೂರಿನಲ್ಲಿ ಇಳಿದು ಹನಗೋಡಿನ ಬಸ್ಸು ಹತ್ತಿದಳು.

ಸರ್ವಮಂಗಳ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಅವಳನ್ನು ನೋಡಿ ಕೈ ನಿಲ್ಲಿಸಿದರು.

"ಒಂದು ಕೇಳೋಕೆ ಬಂದೆ ಅಮ್ಮ," ಎಂದಳು ಉಷಾರಾಣಿ, ನಿಂತೇ. "ನಾನು ದಪ್ಪ ಅಂತ ಬೇಡ ಅಂದ್ರಾ?"

"ಬ್ಯಾಡ ಅಂದಿದ್ದು ನಾವಾ?" ಸರ್ವಮಂಗಳ ಸುತ್ತಿಗೆ ಪಕ್ಕಕ್ಕಿಟ್ಟರು. "ನೀನಲ್ವೇನವ್ವ ಒಬ್ಬಟ್ಟ ಮುಟ್ದೇ ಎದ್ದಿದ್ದು? ನಿಮ್ಮವ್ವನೂ ಮುಟ್ನಿಲ್ಲ. ಆ ಎರಡು ಎಲೆನೂ ಅಂಗೇ ಮಡಿಸಿ ಹಸೀಗೆ ಹಾಕ್ದೆ. ಮನೆ ನೋಡಕ್ಕೆ ಬಂದೋರು ಸೀ ಬುಟ್ರೆ ಏನರ್ಥ ಅಂತ ಗೊತ್ತಿಲ್ವಾ ನಿಂಗೆ?"

ಉಷಾರಾಣಿಗೆ ಗೊತ್ತಿರಲಿಲ್ಲ. ಸರ್ವಮಂಗಳ ಹೇಳಿದರು. ಕೇಳುತ್ತಾ ಕೇಳುತ್ತಾ ಅವಳು ಹುಣಸೆಹಣ್ಣಿನ ರಾಶಿಯ ಪಕ್ಕ ಕೂತಳು. ಕಾಂತರಾಜು ಚೊಂಬು ಕೆಳಗಿಟ್ಟು ಹೋದದ್ದು ಈಗ ಅರ್ಥವಾಯಿತು.

ಬಸ್ಸಿನಲ್ಲಿ ಅವ್ವ ಹೇಳಿದ್ದು ನೆನಪಾಯಿತು. ಮುಚ್ಚಿಟ್ಟು ಗಟ್ಟಿ ಮಾಡಿಕೊಳ್ಳುವ ಸಂಬಂಧ ಬೇಡ ಎನಿಸಿತು.

"ಅಮ್ಮ, ನಮ್ಮವ್ವಂಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲಿನ ಎರಡು ಬೆರಳು ತೆಗ್ದಿದ್ದಾರೆ. ನಂದೂ ಗಡಿಯಲ್ಲಿದೆ ಅಂತ ಡಾಕ್ಟ್ರು ಹೇಳಿದ್ದಾರೆ. ಅದಕ್ಕೇ ಸಿಹಿ ಬಿಟ್ಟಿದ್ದು. ಇದನ್ನ ಕೇಳಿ ನೀವು ಬೇಡ ಅಂದ್ರೆ ಸರಿ. ಆದ್ರೆ ನಾನು ಬೇಡ ಅಂದಿಲ್ಲ."

ಸರ್ವಮಂಗಳ ಅವಳನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಗು ತಡೆಯಲಾರದೆ ಹುಳಿ ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡು, ಉರಿಯಿತೆಂದು ಮತ್ತೆ ಸೆರಗು ಹುಡುಕಿದರು.

"ಅಯ್ಯೋ ನಮ್ಮವ್ವ... ನನ್ ಮಗ ಸಕ್ರೆ ಮಾತ್ರೆ ನುಂಗ್ತಾನೆ ಅಂತ ಗೊತ್ತಾದ್ರೆ ಯಾರು ಹೆಣ್ ಕೊಟ್ಟಾರು ಅಂತ, ನೀವು ಬರೋ ದಿನ ಅವ್ನ ಮಾತ್ರೆ ಡಬ್ಬಿನ ಅಟ್ಟಕ್ಕೆ ಹಾಕಿದ್ದೆ ನಾನು."

"ಅವ್ರು ನನಗೆ ಹೇಳಿದ್ರಲ್ಲ, ಮೊದಲನೇ ದಿನಾನೇ."

"ನಿಂಗೆ ಹೇಳವ್ನೆ. ನಿಮ್ಮವ್ವಂಗೆ ಹೇಳ್ಬ್ಯಾಡ ಅಂತ ನಾನೇ ಬಾಯಿ ಕಟ್ಟಿದ್ದೆ."

ಇಬ್ಬರೂ ನಕ್ಕರು. ನಗು ಮುಗಿದಾಗ ಸರ್ವಮಂಗಳರ ಮುಖ ಚಿಕ್ಕದಾಯಿತು. "ಹನ್ನೊಂದು ದಿನದಿಂದ ಮನ್ಸ ಮನ್ಸಂಗಿಲ್ಲ ಕಣವ್ವ. ನಡೆಯಾದಿಲ್ಲ. ಮಾತ್ರೆನೂ ಸರ್ಯಾಗಿ ನುಂಗಾದಿಲ್ಲ. ನಾನ್ ಹೇಳಿದ್ರೆ ಕೇಳಾಕಿಲ್ಲ." ಅವರು ಫೋನ್ ತೆಗೆದು ಮಗನಿಗೆ ಮಾಡಿದರು. "ಮಿಲ್ಲು ಮುಚ್ಕೊಂಡು ಬಾ. ಮನೇಲಿ ಟೈಲರ್ ಹುಡ್ಗಿ ಕೂತವ್ಳೆ." ಇಷ್ಟೇ ಹೇಳಿ ಇಟ್ಟರು.

ಅರ್ಧ ಗಂಟೆಗೆ ಬೈಕ್ ಬಂತು. ಸರ್ವಮಂಗಳ ಅನ್ನಕ್ಕಿಡಬೇಕು ಎಂದು ಒಳಗೆ ಹೋದರು.

ಕಾಂತರಾಜು ಅಂಗಳದಲ್ಲಿ ನಿಂತ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಉಷಾರಾಣಿ ಎದ್ದು ನಿಂತಳು.

"ಒಬ್ಬಟ್ಟು ಬಿಟ್ಟಿದ್ದು ನಿಮಗೆ ತೋರ್ಸೋಕೆ," ಎಂದಳು.

"ನನಗಾ?"

"ಕಲ್ತಿದ್ದೀನಿ ನೋಡಿ ಅಂತ. ಖುಷಿ ಪಡ್ತೀರಾ ಅನ್ಕೊಂಡೆ. ಸಿಹಿ ಬಿಟ್ರೆ ಸಂಬಂಧ ಬೇಡ ಅಂತ ಅರ್ಥ ಅನ್ನೋದು ನನಗೆ ಗೊತ್ತಿರ್ಲಿಲ್ಲ."

"ಬಾಯಲ್ಲಿ ಹೇಳಕ್ಕಾಗ್ದೆ ಕೈ ಅಡ್ಡ ಹಿಡಿದ್ರಿ ಅನ್ಕೊಂಡೆ. ಹೇಳ್ಕೊಟ್ಟೋನು ನಾನೇ ಅಲ್ವಾ."

"ಒಂದ್ಸಲ ಕೇಳ್ಬೇಕಿತ್ತು."

"ಕೇಳಿದ್ರೆ ನೀವು ಹೌದು ಅಂದ್ಬಿಟ್ರೆ ಅಂತ ಹೆದ್ರಿಕೆ." ಅವನು ಜಗಲಿಯ ಅಂಚಿಗೆ ಕೂತ. "ಹನ್ನೊಂದು ದಿನ ನಾನು ನಡ್ದಿಲ್ಲ ಮೇಡಂ. ದಿನಾ ಹುಣಸೂರು ಬಸ್ ಸ್ಟ್ಯಾಂಡಲ್ಲಿ ಬೋಂಡ. ನಿಮಗೆ ಅಷ್ಟೆಲ್ಲಾ ಬುದ್ಧಿ ಹೇಳ್ದೋನು."

"ನಾನು ನಡ್ದೆ," ಎಂದಳು ಉಷಾರಾಣಿ. "ಹೋದ ಗುರುವಾರದಿಂದ ಐದು ಸಲ ಕರೆಂಟ್ ಹೋಯ್ತು. ಐದು ಸಲಾನೂ ನಡ್ದೆ."

"ಒಬ್ರೇನಾ?"

"ಒಬ್ಳೇ. ಎರಡು ಸಲ ಅಳ್ತಾ ನಡ್ದೆ."

ಅವನು ತಲೆಯೆತ್ತಿದ. ಆ ಕಣ್ಣಲ್ಲಿ ಹೆಮ್ಮೆಯೂ ಇತ್ತು, ಏನೋ ಕಳೆದುಕೊಂಡಂಥ ನೋವೂ ಇತ್ತು. "ಹಂಗಾದ್ರೆ ನಾನು ಬೇಕಾಗೇ ಇಲ್ಲ ನಿಮಗೆ."

"ನಡೆಯೋಕೆ ಬೇಕಾಗಿಲ್ಲ." ಅವಳು ಅವನ ಮುಖ ನೋಡಿಯೇ ಹೇಳಿದಳು. "ಅದು ಗೊತ್ತಾದ್ಮೇಲೇ ಇಲ್ಲಿಗೆ ಬಂದೆ. ನಡೆಯೋಕೆ ನೀವು ಬೇಕಾಗಿದ್ರೆ ನಾನು ಬರ್ತಿರ್ಲಿಲ್ಲ. ನನಗೆ ನೀವು ಬೇಕು. ನಿಮ್ಮ ಮೇಲೆ ಪ್ರೀತಿ ಆಗಿದೆ. ಅದಕ್ಕೆ ಬಂದೆ."

ಒಳಗೆ ಪಾತ್ರೆಯ ಸದ್ದು ಇದ್ದಕ್ಕಿದ್ದ ಹಾಗೆ ನಿಂತಿತು. ಸರ್ವಮಂಗಳ ಕೇಳಿಸಿಕೊಳ್ಳುತ್ತಿದ್ದರು ಎನ್ನುವುದು ಇಬ್ಬರಿಗೂ ಗೊತ್ತಾಯಿತು.

"ನನಗೂ..." ಎಂದ ಅವನು. ಮಾತನ್ನು ಅಲ್ಲೇ ಬಿಟ್ಟು ಬೇರೆ ಕಡೆಯಿಂದ ಶುರು ಮಾಡಿದ. "ನನ್ ಕಾಯಿಲೆ ಹೋಗಿಲ್ಲ. ಹೋಗಲ್ಲ ಅನ್ಸುತ್ತೆ. ಇಷ್ಟು ವರ್ಷ ಆದ್ಮೇಲೂ ಒಂದು ಬೇಜಾರಿಗೆ ಹನ್ನೊಂದು ದಿನ ಬಿದ್ದೋದೆ. ಮುಂದಕ್ಕೂ ಬೀಳ್ತೀನಿ. ಅದನ್ನ ನೋಡ್ಕೊಂಡೇ ಒಪ್ಕೋತೀರಾ?"

"ಬಿದ್ದ ದಿನ ಹೇಳ್ತೀರಾ?"

"ಹೇಳ್ತೀನಿ."

"ಮಿಲ್ಲೊಳಗೆ ಬಚ್ಚಿಟ್ಕೊಳ್ಳಲ್ಲ?"

"ಇಲ್ಲ."

"ಇವತ್ತಿನ ಮಾತ್ರೆ ನುಂಗಿದ್ದೀರಾ?"

ಅವನು ತಲೆ ತಗ್ಗಿಸಿದ. "ಇಲ್ಲ."

ಉಷಾರಾಣಿ ಒಳಗೆ ಹೋದಳು. ಸರ್ವಮಂಗಳ ಏನೂ ಕೇಳದೆ ಡಬ್ಬಿ ತೆಗೆದು ಕೈಗಿಟ್ಟರು, ಒಂದು ಲೋಟ ನೀರೂ ಕೊಟ್ಟರು. ಅವಳು ತಂದು ಅವನ ಅಂಗೈಯಲ್ಲಿ ಒಂದು ಮಾತ್ರೆ ಇಟ್ಟಳು. ಅವನು ನುಂಗಿ, ನೀರು ಕುಡಿದು, ಲೋಟ ಹಿಂದಿರುಗಿಸುವ ಬದಲು ಅದಕ್ಕೆ ಚಾಚಿದ ಅವಳ ಕೈಯನ್ನೇ ಹಿಡಿದುಕೊಂಡ.

"ನಾಳೆನೂ ಕೇಳ್ತೀರಾ?"

"ದಿನಾ ಕೇಳ್ತೀನಿ."